ಹಾಪ್ಸ್ ಬಳ್ಳಿಯ ಬೆಳೆಗಾರರು: ದೂರದ ರುಚಿಗೆ ಕಟ್ಟಿಕೊಂಡ ಕೃಷಿ

(ಮಲೆನಾಡಿನ ಕೃಷಿಕರು ಮತ್ತು ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)



ಬೆಟ್ಟದ ನಾಡುಗಳಿಗೆ ಆಗಾಗ ಹೊಸ ಬೆಳೆಯೊಂದರ ಸುದ್ದಿ ಬರುತ್ತದೆ. ಇಂತಹ ಗಿಡ ನೆಟ್ಟರೆ ಎಕರೆಗೆ ಇಷ್ಟು ಲಕ್ಷ ಎಂಬ ಲೆಕ್ಕವೂ ಅದರ ಜೊತೆಗೇ ಬರುತ್ತದೆ. ಮಡಗಾಸ್ಕರ್ ದ್ವೀಪದ ವೆನಿಲ್ಲಾ ತೋಟಗಳು 2000ನೇ ಇಸವಿಯಲ್ಲಿ ಚಂಡಮಾರುತಕ್ಕೆ ಸಿಕ್ಕ ಮೇಲೆ ಮಲೆನಾಡಿನ ಅಡಿಕೆ ಮರಗಳ ಬುಡದಲ್ಲಿ ವೆನಿಲ್ಲಾ ಬಳ್ಳಿ ಹಬ್ಬಿತು. 2003ರ ಹೊತ್ತಿಗೆ ಅದರ ಬೆಲೆ ಆಕಾಶಕ್ಕೇರಿತ್ತು. ಮರುವರ್ಷದಿಂದಲೇ ಕುಸಿದದ್ದನ್ನು ಹಿರಿಯರು ಮರೆತಿಲ್ಲ. ವೆನಿಲ್ಲಾದಂತೆಯೇ ದೂರದ ನಗರಗಳ ನಾಲಿಗೆಯನ್ನು ನಂಬಿ ಬೆಳೆಯುವ ಇನ್ನೊಂದು ಬಳ್ಳಿಯಿದೆ. ಅದರ ಹೆಸರು ಹಾಪ್ಸ್. ಬಿಯರಿಗೆ ಕಹಿಯನ್ನೂ ಪರಿಮಳವನ್ನೂ ಕೊಡುವುದು ಈ ಬಳ್ಳಿಯ ಹೂ.

ಮದ್ಯಪಾನದ ಒಳಿತು ಕೆಡುಕುಗಳು ಈ ಉಪನ್ಯಾಸದ ವಿಷಯವಲ್ಲ. ಆ ಲೋಟದ ಇನ್ನೊಂದು ತುದಿಯಲ್ಲಿ ನಿಂತಿರುವ ಕೃಷಿಕನ ಬದುಕು ಇಲ್ಲಿನ ವಿಷಯ. ಕಳೆದ ನಲವತ್ತು ವರ್ಷಗಳಲ್ಲಿ ಕ್ರಾಫ್ಟ್ ಬಿಯರ್ ಎಂಬ ಸಣ್ಣ ಪ್ರಮಾಣದ, ವಿಶಿಷ್ಟ ರುಚಿಯ ಬಿಯರಿನ ಅಲೆ ಹಾಪ್ಸ್ ಬೆಳೆಗಾರನನ್ನು ಮೇಲೆತ್ತಿತು, ಬಳಿಕ ಕೆಳಗಿಳಿಸಿತು. ಅದು ಹೇಗಾಯಿತೆಂದು ತಿಳಿಯುವುದು ಎಲ್ಲ ಬೆಟ್ಟದ ಕೃಷಿಕರಿಗೂ ಉಪಯುಕ್ತ.

ಬಳ್ಳಿಯ ಸ್ವಭಾವ

ಹಾಪ್ಸ್‌ನ ಶಾಸ್ತ್ರೀಯ ನಾಮ ಹ್ಯೂಮುಲಸ್ ಲುಪ್ಯುಲಸ್. ಇದು ಗಾಂಜಾ ಗಿಡದ ಕುಟುಂಬಕ್ಕೆ ಸೇರಿದ್ದು. ನೆಲದೊಳಗಿನ ಬೇರುಗಡ್ಡೆ ಹತ್ತು ಇಪ್ಪತ್ತು ವರ್ಷ ಬದುಕುತ್ತದೆ. ನೆಲದ ಮೇಲಿನ ಬಳ್ಳಿ ಮಾತ್ರ ಪ್ರತಿವರ್ಷ ಚಳಿಗಾಲಕ್ಕೆ ಸಾಯುತ್ತದೆ, ವಸಂತದಲ್ಲಿ ಮತ್ತೆ ಚಿಗುರುತ್ತದೆ. ಕಾಳುಮೆಣಸಿನ ಬಳ್ಳಿ ಗೆಣ್ಣಿನ ಬೇರುಗಳಿಂದ ಮರವನ್ನು ಅಪ್ಪಿ ಹಿಡಿದರೆ, ಹಾಪ್ಸ್ ತನ್ನ ಕಾಂಡದ ಮೇಲಿನ ಕೊಕ್ಕೆಯಂತಹ ಒರಟು ರೋಮಗಳಿಂದ ಹುರಿಯನ್ನು ಹಿಡಿದು, ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸುತ್ತುತ್ತಾ ಮೇಲೇರುತ್ತದೆ. ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಬೆಳೆಯುವುದು ಹೆಣ್ಣು ಗಿಡವನ್ನು ಮಾತ್ರ. ಅದರ ಶಂಕುವಿನಾಕಾರದ ಹಸಿರು ಹೂವಿನ ಪಕಳೆಗಳ ಬುಡದಲ್ಲಿ ಲುಪುಲಿನ್ ಎಂಬ ಹಳದಿ ಪುಡಿ ಇರುತ್ತದೆ. ಕಹಿ ಕೊಡುವ ಆಲ್ಫಾ ಆಮ್ಲಗಳೂ ಪರಿಮಳದ ತೈಲಗಳೂ ಇರುವುದು ಆ ಪುಡಿಯಲ್ಲೇ. ಈ ಆಮ್ಲಗಳು ಕೆಲವು ಬಗೆಯ ಬ್ಯಾಕ್ಟೀರಿಯಾಗಳನ್ನು ತಡೆಯುತ್ತವೆ. ಆದ್ದರಿಂದಲೇ ಬಿಯರ್ ಕೆಡದಂತೆ ಉಳಿಯಲೆಂದು ಯುರೋಪಿನವರು ಇದನ್ನು ಬಳಸತೊಡಗಿದರು. ಜರ್ಮನಿಯ ಬವೇರಿಯಾ ಪ್ರಾಂತ್ಯದಲ್ಲಿ 1516ರಲ್ಲಿ ಹೊರಟ ಆಜ್ಞೆಯೊಂದು ಬಾರ್ಲಿ, ಹಾಪ್ಸ್ ಮತ್ತು ನೀರು, ಈ ಮೂರರಿಂದಲೇ ಬಿಯರ್ ಮಾಡಬೇಕೆಂದು ವಿಧಿಸಿತು.

ಈ ಬಳ್ಳಿ ಹಗಲಿನ ಉದ್ದವನ್ನು ಅಳೆಯುತ್ತದೆ. ಬೇಸಿಗೆಯ ದೀರ್ಘ ಹಗಲಿನಲ್ಲಿ ಎತ್ತರಕ್ಕೆ ಬೆಳೆದು, ಹಗಲು ಕುಗ್ಗತೊಡಗಿದಾಗ ಹೂ ಬಿಡುತ್ತದೆ. ಹೀಗಾಗಿ ಸುಮಾರು 35ರಿಂದ 55 ಡಿಗ್ರಿ ಅಕ್ಷಾಂಶಗಳ ನಡುವೆಯೇ ಇದರ ಮುಖ್ಯ ನೆಲೆ. ಬವೇರಿಯಾದ ಹಾಲರ್‌ಟೌ ಪ್ರದೇಶದಲ್ಲಿ ಬೇಸಿಗೆಯ ಅತಿ ದೀರ್ಘ ಹಗಲು ಸುಮಾರು 16 ಗಂಟೆ. ಮಲೆನಾಡಿನಲ್ಲಿ ಅದು 13 ಗಂಟೆಯನ್ನೂ ಮುಟ್ಟುವುದಿಲ್ಲ. ಇಂತಹ ಕಡೆ ಬಳ್ಳಿ ಎತ್ತರ ಪಡೆಯುವ ಮುನ್ನವೇ ಅಕಾಲದಲ್ಲಿ ಹೂ ಬಿಟ್ಟು ಇಳುವರಿ ಕುಂದುತ್ತದೆ. ದಕ್ಷಿಣ ಆಫ್ರಿಕಾದ ಜಾರ್ಜ್ ಪಟ್ಟಣದ ಸುತ್ತಲಿನ ಬೆಳೆಗಾರರು ಹಿಂದೆ ತೋಟಗಳಲ್ಲಿ ವಿದ್ಯುದ್ದೀಪ ಉರಿಸಿ ಹಗಲನ್ನು ಹಿಗ್ಗಿಸಬೇಕಾಗಿತ್ತು. ಆ ನೆಲಕ್ಕೊಪ್ಪುವ ತಳಿಗಳು ಬಂದ ಮೇಲೆ ಆ ಕಷ್ಟ ಕಡಿಮೆಯಾಯಿತು.

ಕಂಬ, ಹುರಿ ಮತ್ತು ಗೂಡು

ಹಾಪ್ಸ್ ತೋಟ ನೋಡಲು ವೀಳ್ಯದೆಲೆ ತೋಟವನ್ನು ಹತ್ತು ಪಟ್ಟು ಹಿಗ್ಗಿಸಿದಂತಿರುತ್ತದೆ. ಅಮೆರಿಕದಲ್ಲಿ ಸುಮಾರು ಐದೂವರೆ ಮೀಟರ್, ಜರ್ಮನಿಯಲ್ಲಿ ಏಳು ಮೀಟರ್ ಎತ್ತರಕ್ಕೆ ಕಂಬ ನೆಟ್ಟು, ತಲೆಯ ಮೇಲೆ ತಂತಿಯ ಜಾಲ ಎಳೆಯುತ್ತಾರೆ. ಪ್ರತಿ ವಸಂತದಲ್ಲಿ ಆ ತಂತಿಯಿಂದ ಪ್ರತಿ ಗಿಡದ ಬುಡಕ್ಕೆ ಹುರಿ ಇಳಿಬಿಡಬೇಕು. ಅಮೆರಿಕದ ವಾಯವ್ಯ ಭಾಗದಲ್ಲಿ ಈ ಹುರಿ ಹೆಚ್ಚಾಗಿ ತೆಂಗಿನ ನಾರಿನದು. ಶ್ರೀಲಂಕಾದಂತಹ ತೆಂಗಿನ ನಾಡುಗಳಿಂದ ಸಮುದ್ರ ದಾಟಿ ಹೋಗುವ ನಾರು ಅದು. ಕೆಲಸಗಾರರು ಸಾಲುಸಾಲಾಗಿ ನಡೆದು ಎರಡು ಮೂರು ಚಿಗುರನ್ನು ಆಯ್ದು ಹುರಿಗೆ ಸುತ್ತುತ್ತಾರೆ. ಇಂದಿಗೂ ಇದು ಕೈಯ ಕೆಲಸವೇ.

ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಕೊಯ್ಲು. ಬಳ್ಳಿಯನ್ನು ಇಡಿಯಾಗಿ ಕಡಿದು ಯಂತ್ರಕ್ಕೆ ಕೊಂಡೊಯ್ದು ಹೂ ಬಿಡಿಸುತ್ತಾರೆ. ಹಸಿ ಹೂವಿನಲ್ಲಿ ಶೇಕಡಾ 75ರಿಂದ 80 ನೀರು. ಅದನ್ನು ಗೂಡಿನಲ್ಲಿ ಒಣಗಿಸಿ ಶೇಕಡಾ 10ರ ಆಸುಪಾಸಿಗೆ ತರಬೇಕು. ನಾಲ್ಕೈದು ಕಿಲೋ ಹಸಿ ಹೂವಿಗೆ ಒಂದು ಕಿಲೋ ಒಣ ಹೂ ಸಿಗುತ್ತದೆ. ಏಲಕ್ಕಿ ಗೂಡಿನ ಅನುಭವವುಳ್ಳವರಿಗೆ ಇಲ್ಲಿನ ಸೂಕ್ಷ್ಮ ಸುಲಭವಾಗಿ ತಿಳಿಯುತ್ತದೆ: ಬಿಸಿ ಮಿತಿಮೀರಿದರೆ ಪರಿಮಳ ಹಾರಿಹೋಗುತ್ತದೆ, ಸಾಲದಿದ್ದರೆ ಬೂಸ್ಟು ಹಿಡಿಯುತ್ತದೆ. ಒಣಗಿದ ಮೇಲೂ ಕೆಲಸ ಮುಗಿಯದು. ಹೂವನ್ನು ಪುಡಿಮಾಡಿ, ಗುಳಿಗೆ ಕಟ್ಟಿ, ಗಾಳಿಯಾಡದ ಚೀಲದಲ್ಲಿ ತುಂಬಿ ಶೀತಲಗೃಹದಲ್ಲಿ ಇಡದಿದ್ದರೆ ಅದರ ಗುಣ ತಿಂಗಳುಗಳಲ್ಲೇ ಕುಂದುತ್ತದೆ.

ಕಂಬ, ತಂತಿ, ಕೊಯ್ಲು ಯಂತ್ರ, ಗೂಡು, ಶೀತಲಗೃಹ ಇವೆಲ್ಲ ಸೇರಿದ ಬಂಡವಾಳದ ಬಹುಪಾಲು ಬೇರೆ ಬೆಳೆಗೆ ಉಪಯೋಗಕ್ಕೆ ಬಾರದು. ಗಿಡ ಪೂರ್ಣ ಇಳುವರಿಗೆ ಬರಲು ಎರಡು ಮೂರು ವರ್ಷ ಬೇಕು. ಒಮ್ಮೆ ಈ ಕೃಷಿಗಿಳಿದವನು ಸುಲಭವಾಗಿ ಹಿಂದಕ್ಕೆ ಬರಲಾರ.

ಯಾಕಿಮಾ ಕಣಿವೆ

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಕ್ಯಾಸ್ಕೇಡ್ ಪರ್ವತ ಶ್ರೇಣಿಯ ಪೂರ್ವಕ್ಕೆ ಯಾಕಿಮಾ ಕಣಿವೆಯಿದೆ. ಅಮೆರಿಕದ ಹಾಪ್ಸ್‌ನ ಬಹುಪಾಲು ಇಲ್ಲಿನದು. ಪಶ್ಚಿಮ ಘಟ್ಟದ ಪೂರ್ವದ ಬಯಲಿನಂತೆ ಇದೂ ಮಳೆ ನೆರಳಿನ ನಾಡು, ಆದರೆ ಇನ್ನೂ ಬಹಳ ಒಣ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟಿ ಸುರಿಯುವ ಮಳೆ ಇಲ್ಲಿ ಇನ್ನೂರರ ಆಸುಪಾಸು ಮಾತ್ರ. ಒಣ ಹವೆಯಲ್ಲಿ ಬೂಜು ರೋಗಗಳ ಕಾಟ ಕಡಿಮೆ. ಪರ್ವತದ ಹಿಮ ಕರಗಿ ಬರುವ ನದಿಯಿಂದ ನೀರಾವರಿ.

ಈ ಬೆಳೆ ಅಲ್ಲಿಗೆ ಬಂದದ್ದೂ ಒಂದು ವಲಸೆಯ ಕಥೆ. ಹತ್ತೊಂಬತ್ತನೆಯ ಶತಮಾನದಲ್ಲಿ ನ್ಯೂಯಾರ್ಕ್ ರಾಜ್ಯವೇ ಅಮೆರಿಕದ ಹಾಪ್ಸ್ ಕಣಜವಾಗಿತ್ತು. ರೋಗಗಳು, ಪಶ್ಚಿಮದ ಪೈಪೋಟಿ, 1920ರ ಪಾನನಿಷೇಧ ಸೇರಿ ಅದನ್ನು ಅಳಿಸಿಹಾಕಿದವು. ಇಂಗ್ಲೆಂಡಿನಲ್ಲಿ 1878ರ ಹೊತ್ತಿಗೆ 70 ಸಾವಿರ ಎಕರೆ ದಾಟಿದ್ದ ಹಾಪ್ಸ್ ಇಂದು ಬ್ರಿಟನ್ನಿನಲ್ಲಿ ಎರಡು ಸಾವಿರ ಎಕರೆಗೂ ಕಡಿಮೆ. ಕೆಂಟ್ ಪ್ರಾಂತ್ಯದ ಗೋಪುರದಂತಹ ಹಳೆಯ ಒಣಗೂಡುಗಳು ಈಗ ಬಹುಮಟ್ಟಿಗೆ ವಾಸದ ಮನೆಗಳಾಗಿವೆ. ಯಾಕಿಮಾದಲ್ಲಿಯೂ ಯಂತ್ರ ಬರುವ ಮುನ್ನ ಹೂ ಬಿಡಿಸುತ್ತಿದ್ದವರಲ್ಲಿ ಯಾಕಾಮಾ ಮೊದಲಾದ ಮೂಲನಿವಾಸಿ ಜನಾಂಗಗಳ ಕುಟುಂಬಗಳು ಬಹಳ. ಇಂದು ತೋಟದ ಕೆಲಸ ಹೆಚ್ಚಾಗಿ ಮೆಕ್ಸಿಕೋ ಮೂಲದ ಕೂಲಿಕಾರರ ಬೆನ್ನ ಮೇಲಿದೆ.

ಕ್ರಾಫ್ಟ್ ಬಿಯರಿನ ಅಲೆ

ದೊಡ್ಡ ಕಾರ್ಖಾನೆಗಳ ತಿಳಿ ಬಿಯರಿಗೆ ಹಾಪ್ಸ್ ಬೇಕಾಗುವುದು ಅಲ್ಪ. ಅವುಗಳಿಗೆ ಬೇಕಾದದ್ದು ಅಗ್ಗದ ಕಹಿ. ಸರ್ಕಾರಿ ಕೃಷಿ ಸಂಶೋಧಕರು ಆರೆಗಾನ್ ರಾಜ್ಯದಲ್ಲಿ 1956ರ ಸಂಕರಣದಿಂದ ಆರಂಭಿಸಿ 16 ವರ್ಷ ಪರೀಕ್ಷಿಸಿ 1972ರಲ್ಲಿ ‘ಕ್ಯಾಸ್ಕೇಡ್’ ಎಂಬ ತಳಿಯನ್ನು ಬಿಡುಗಡೆ ಮಾಡಿದರು. ಅದರಲ್ಲಿ ಚಕ್ಕೋತದಂತಹ ನಿಂಬೆಕುಲದ ಪರಿಮಳವಿತ್ತು. 1975ರ ನಂತರ ಕೆಲವು ಸಣ್ಣ ತಯಾರಕರು ಆ ಪರಿಮಳವನ್ನೇ ಮುಂದಿಟ್ಟು ಬಿಯರ್ ಮಾಡಿದರು. ಜನ ಮೆಚ್ಚಿದರು. ಇಂಡಿಯಾ ಪೇಲ್ ಏಲ್ ಎಂಬ ಬಗೆಯ ಬಿಯರ್ ಈ ಚಳವಳಿಯ ಗುರುತಾಯಿತು. ಅದಕ್ಕೆ ಸಾಮಾನ್ಯ ಬಿಯರಿಗಿಂತ ಹಲವು ಪಟ್ಟು ಹೆಚ್ಚು ಹಾಪ್ಸ್ ಬೇಕು. 2012ರಲ್ಲಿ ಅಮೆರಿಕದಲ್ಲಿ ಸುಮಾರು 2,400ರಷ್ಟಿದ್ದ ಕ್ರಾಫ್ಟ್ ಘಟಕಗಳು 2021ರ ಹೊತ್ತಿಗೆ ಒಂಬತ್ತು ಸಾವಿರ ದಾಟಿದವು.

ಬೆಳೆಗಾರನಿಗೆ ಇದರಿಂದ ದೊರೆತ ಒಳಿತು ಸಣ್ಣದಲ್ಲ. ಕೇವಲ ಕಹಿಯ ಕಚ್ಚಾವಸ್ತುವಾಗಿದ್ದ ಹೂವಿಗೆ ಹೆಸರು ಬಂತು. ಬಿಯರ್ ಮಾಡುವವರೇ ಕೊಯ್ಲಿನ ಕಾಲದಲ್ಲಿ ತೋಟಕ್ಕೆ ಬಂದು, ಅಂಗೈಯಲ್ಲಿ ಹೂ ಉಜ್ಜಿ ಮೂಸಿ ನೋಡಿ ಆಯ್ಕೆ ಮಾಡತೊಡಗಿದರು. ಸಾಲುಗಳ ನಡುವೆ ನೀರು ಹಾಯಿಸುತ್ತಿದ್ದ ಕಡೆ ಹನಿ ನೀರಾವರಿ ಬಂತು. ಹಾಯಿನೀರಿನೊಂದಿಗೆ ಕೊಚ್ಚಿಹೋಗಿ ಯಾಕಿಮಾ ನದಿಯನ್ನು ಕದಡುತ್ತಿದ್ದ ಮಣ್ಣು ತೋಟದಲ್ಲೇ ಉಳಿಯತೊಡಗಿತು.

ಆದರೆ ಈ ಅಲೆಯೊಳಗೆ ಮೂರು ಸುಳಿಗಳಿದ್ದವು.

ಮೊದಲನೆಯದು ಬೆಲೆಯ ಏರಿಳಿತ. 2000ದ ದಶಕದ ಆರಂಭದಲ್ಲಿ ಹಾಪ್ಸ್ ಹೆಚ್ಚಾಗಿ ಬೆಲೆ ಕುಸಿದು, ಅನೇಕರು ಬಳ್ಳಿ ಕಿತ್ತರು. 2006ರ ಅಕ್ಟೋಬರ್‌ನಲ್ಲಿ ಯಾಕಿಮಾದ ಉಗ್ರಾಣವೊಂದಕ್ಕೆ ಬೆಂಕಿ ಬಿದ್ದು ದೇಶದ ಬೆಳೆಯ ಸುಮಾರು ಶೇಕಡಾ 4 ಭಸ್ಮವಾಯಿತು. 2007ರಲ್ಲಿ ಕೊರತೆ ಬಿದ್ದು ಬೆಲೆ ಹಲವು ಪಟ್ಟು ಏರಿತು. ಎಲ್ಲರೂ ನೆಟ್ಟರು. ಎರಡೇ ವರ್ಷದಲ್ಲಿ ಉಗ್ರಾಣಗಳು ತುಂಬಿ ಬೆಲೆ ಮತ್ತೆ ಬಿತ್ತು.

ಎರಡನೆಯದು ತಳಿಯ ಒಡೆತನ. ಕ್ಯಾಸ್ಕೇಡ್ ಸಾರ್ವಜನಿಕರ ಸ್ವತ್ತು. ಯಾರೂ ನೆಡಬಹುದು, ಬೇರು ಹಂಚಿಕೊಳ್ಳಬಹುದು. ಆದರೆ ಮುಂದೆ ಬೇಡಿಕೆ ಗಳಿಸಿದ ಸಿಟ್ರಾ, ಮೊಸಾಯಿಕ್ ಮೊದಲಾದ ತಳಿಗಳು ಖಾಸಗಿ ಸಂಸ್ಥೆಗಳ ಹಕ್ಕಿನಲ್ಲಿವೆ. ಅವುಗಳನ್ನು ಯಾರು, ಎಷ್ಟು ಎಕರೆಯಲ್ಲಿ ಬೆಳೆಯಬೇಕೆಂದು ಹಕ್ಕುದಾರರು ನಿರ್ಧರಿಸುತ್ತಾರೆ. ಅಮೆರಿಕದ ಹಾಪ್ಸ್ ನೆಲದಲ್ಲಿ ಅರ್ಧಕ್ಕಿಂತ ಹೆಚ್ಚು ಇಂದು ಇಂತಹ ತಳಿಗಳದ್ದು. ಪೂರೈಕೆ ಮಿತಿಯಲ್ಲಿರುವುದರಿಂದ ಇದು ಬೆಲೆಯನ್ನು ಕಾಪಾಡುತ್ತದೆ ಎಂದು ಕೆಲವು ಬೆಳೆಗಾರರ ವಾದ. ಅದರಲ್ಲಿ ಸತ್ಯವೂ ಇದೆ. ಆದರೆ ಪರವಾನಗಿ ಪಡೆದವನಿಗೂ ಪಡೆಯದವನಿಗೂ ನಡುವೆ ಗೋಡೆ ಎದ್ದದ್ದೂ ಸತ್ಯವೇ.

ಮೂರನೆಯದು ಮುಂಗಡ ಒಪ್ಪಂದ. ಹಳೆಯ ಕೊರತೆಯ ಭಯದಿಂದ ತಯಾರಕರು ಮೂರು, ಐದು ವರ್ಷ ಮುಂದಿನ ಹೂವಿಗೂ ಒಪ್ಪಂದ ಬರೆದರು. ಮಾರಾಟ ಏರುತ್ತಲೇ ಇರುವುದೆಂಬ ನಂಬಿಕೆ ಆ ಒಪ್ಪಂದಗಳ ಅಡಿಗಲ್ಲು. ಆ ಕಾಗದಗಳನ್ನು ನಂಬಿ ಬೆಳೆಗಾರರು ಕಂಬ ನೆಟ್ಟರು. 2012ರಲ್ಲಿ ಸುಮಾರು 30 ಸಾವಿರ ಎಕರೆಯಿದ್ದ ಅಮೆರಿಕದ ಹಾಪ್ಸ್ 2021ರಲ್ಲಿ 60 ಸಾವಿರ ದಾಟಿತು. ಅಷ್ಟರಲ್ಲಿ 2020ರ ಸಾಂಕ್ರಾಮಿಕ ಪಾನಗೃಹಗಳನ್ನು ಮುಚ್ಚಿಸಿತ್ತು. ಆ ಬಳಿಕವೂ ಬಿಯರಿನ ಮಾರಾಟ ಹಳೆಯ ವೇಗಕ್ಕೆ ಮರಳಲಿಲ್ಲ. ಯುವಜನರ ಅಭಿರುಚಿ ಬೇರೆ ಪಾನೀಯಗಳತ್ತ ಹೊರಳಿತು. ಶೀತಲಗೃಹಗಳಲ್ಲಿ ವರ್ಷಗಳ ದಾಸ್ತಾನು ಉಳಿಯಿತು. ಒಪ್ಪಂದಗಳು ಕಡಿತಗೊಂಡವು, ಮುಂದೂಡಲ್ಪಟ್ಟವು. 2024ರಲ್ಲಿ ಅಮೆರಿಕದ ಹಾಪ್ಸ್ ವಿಸ್ತೀರ್ಣ ಸುಮಾರು 45 ಸಾವಿರ ಎಕರೆಗೆ ಇಳಿಯಿತು. ಮೂರು ವರ್ಷಗಳಲ್ಲಿ ನಾಲ್ಕನೆಯ ಒಂದು ಭಾಗ ಹೋಯಿತು.

ಬಳ್ಳಿಯ ಆಯುಸ್ಸು ಇಪ್ಪತ್ತು ವರ್ಷ, ಪೇಟೆಯ ರುಚಿಯ ಆಯುಸ್ಸು ಮೂರೋ ಐದೋ ವರ್ಷ. ಈ ಎರಡರ ನಡುವಿನ ಅಂತರದ ನಷ್ಟವನ್ನು ಕಟ್ಟಕಡೆಗೆ ಹೊತ್ತವನು ಭೂಮಿಯಲ್ಲಿ ಕಂಬ ನೆಟ್ಟವನು. ತಯಾರಕ ಬೇರೆ ಪಾನೀಯ ತಯಾರಿಸಬಲ್ಲ, ವರ್ತಕ ಬೇರೆ ಸರಕು ಮಾರಬಲ್ಲ. ಏಳು ಮೀಟರಿನ ಕಂಬಕ್ಕೆ ಬೇರೆ ಕೆಲಸವಿಲ್ಲ.

ಹಿಮದ ಲೆಕ್ಕ

ಈ ಮಾರುಕಟ್ಟೆಯ ಏರಿಳಿತದ ಮೇಲೆ ಹವಾಮಾನದ ಬದಲಾವಣೆಯೂ ಕೂಡಿಕೊಂಡಿದೆ. ಯಾಕಿಮಾ ಕೊಳ್ಳದಲ್ಲಿ ಐದು ದೊಡ್ಡ ಜಲಾಶಯಗಳಿವೆ. ಬೆಟ್ಟದ ಮೇಲಿನ ಹಿಮವನ್ನು ಅಲ್ಲಿನವರು ಆರನೆಯ ಜಲಾಶಯವೆಂದು ಎಣಿಸುತ್ತಾರೆ. 2015ರಲ್ಲಿ ಚಳಿಗಾಲದ ಮಳೆ ಹೆಚ್ಚೇನೂ ಕಡಿಮೆಯಿರಲಿಲ್ಲ. ಆದರೆ ಬೆಚ್ಚಗಿನ ಚಳಿಗಾಲದಲ್ಲಿ ಅದು ಹಿಮವಾಗದೆ ನೀರಾಗಿಯೇ ಸುರಿದು ಹರಿದುಹೋಯಿತು. ಬೇಸಿಗೆಗೆ ನೀರು ಉಳಿಯಲಿಲ್ಲ. ನೀರಿನ ಹಕ್ಕಿನಲ್ಲಿ ಕಿರಿಯರಾದವರಿಗೆ ಆ ವರ್ಷ ದೊರೆತದ್ದು ಪಾಲಿನ ಅರ್ಧಕ್ಕಿಂತಲೂ ಕಡಿಮೆ. 2021ರ ಜೂನ್‌ನಲ್ಲಿ ಆ ಪ್ರಾಂತ್ಯವನ್ನು ಭೀಕರ ಬಿಸಿಗಾಳಿ ಬೇಯಿಸಿತು.

ಯುರೋಪಿನಲ್ಲಿಯೂ ಇದೇ ಸ್ಥಿತಿ. 2022ರ ಬರದಲ್ಲಿ ಜರ್ಮನಿಯ ಹಾಪ್ಸ್ ಇಳುವರಿ ಹಿಂದಿನ ವರ್ಷಕ್ಕಿಂತ ಕಾಲುಭಾಗಕ್ಕೂ ಹೆಚ್ಚು ಕುಸಿಯಿತು. 2023ರಲ್ಲಿ ಪ್ರಕಟವಾದ ಸಂಶೋಧನೆಯೊಂದರ ಅಂದಾಜಿನಂತೆ ಮಧ್ಯ ಯುರೋಪಿನ ಸುಗಂಧ ಹಾಪ್ಸ್‌ನಲ್ಲಿ 2050ರ ಹೊತ್ತಿಗೆ ಇಳುವರಿ ಶೇಕಡಾ 4ರಿಂದ 18ರಷ್ಟೂ, ಕಹಿಯ ಆಮ್ಲದ ಅಂಶ ಶೇಕಡಾ 20ರಿಂದ 31ರಷ್ಟೂ ಕಡಿಮೆಯಾಗಬಹುದು. ಹೂ ಬಂದರೂ ಹೂವಿನೊಳಗಿನ ಸತ್ವ ಬಾರದಿರುವ ಸ್ಥಿತಿ ಇದು.

ಲಾಹೌಲ್ ಕಣಿವೆಯ ಅನುಭವ

ಭಾರತದಲ್ಲಿಯೂ ಹಾಪ್ಸ್ ಬೆಳೆದ ಬೆಟ್ಟದ ಜನರಿದ್ದಾರೆ ಎಂಬುದು ಬಹಳ ಜನಕ್ಕೆ ತಿಳಿಯದು. ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆ ಚಂದ್ರಾ ಮತ್ತು ಭಾಗಾ ನದಿಗಳ ನಾಡು. ಮೂರು ಸಾವಿರ ಮೀಟರಿನ ಆಸುಪಾಸಿನ ಎತ್ತರ, ಮಳೆ ನೆರಳು, ಹಿಮನೀರಿನ ಕಾಲುವೆಗಳು. 2020ರ ಅಕ್ಟೋಬರ್‌ನಲ್ಲಿ ಸುರಂಗಮಾರ್ಗ ತೆರೆಯುವವರೆಗೆ ಚಳಿಗಾಲದಲ್ಲಿ ರೋಹ್ತಾಂಗ್ ಕಣಿವೆದಾರಿ ಮುಚ್ಚಿ, ಕಣಿವೆ ತಿಂಗಳುಗಟ್ಟಲೆ ಹೊರಜಗತ್ತಿನಿಂದ ದೂರವಾಗುತ್ತಿತ್ತು.

ಈ ಕಣಿವೆಯ ಕೃಷಿ ಇತಿಹಾಸವೇ ದೂರದ ಪೇಟೆಗಳ ಇತಿಹಾಸ. ಮೊದಲು ಕುಠ್ ಎಂಬ ಸುಗಂಧ ಬೇರು ಬಂತು. ಚೀನಾದ ಬೇಡಿಕೆ ಅದನ್ನು ಬೆಳೆಸಿತು, ಆ ಬಾಗಿಲು ಮುಚ್ಚಿದಾಗ ಬೆಲೆ ಬಿತ್ತು. ಬಳಿಕ ಬಿತ್ತನೆ ಆಲೂಗಡ್ಡೆ ಬಂತು. ಬೆಳೆಗಾರರು ತಮ್ಮದೇ ಸಹಕಾರ ಸಂಘ ಕಟ್ಟಿ ಅದನ್ನು ದೇಶಕ್ಕೆಲ್ಲ ಮಾರಿದರು. 1970ರ ದಶಕದಲ್ಲಿ ಹಾಪ್ಸ್ ಬಂದು ಬೇರೂರಿತು. ಭಾರತದ ಬಿಯರ್ ಕಾರ್ಖಾನೆಗಳು ಈ ಹೂವನ್ನು ಕೊಂಡವು. ಮುಂದೆ ವಿದೇಶಿ ಹಾಪ್ಸ್ ಗುಳಿಗೆಗಳು ಅಗ್ಗವಾಗಿ, ಏಕರೂಪದ ಗುಣಮಟ್ಟದಲ್ಲಿ ಬರತೊಡಗಿದಾಗ ಕಣಿವೆಯ ಹೂ ಬೇಡಿಕೆ ಕಳೆದುಕೊಂಡಿತು. ಅನೇಕರು ಬಟಾಣಿ, ಹೂಕೋಸು, ಸೇಬುಗಳತ್ತ ತಿರುಗಿದರು. ಇಂದು ಹಾಪ್ಸ್ ಅಲ್ಲಿ ಅಲ್ಪಸ್ವಲ್ಪ ಉಳಿದಿದೆ.

ಇಲ್ಲೊಂದು ವಿಪರ್ಯಾಸವಿದೆ. 2010ರಿಂದೀಚೆಗೆ ಬೆಂಗಳೂರು ಕಿರು ಬಿಯರ್ ಘಟಕಗಳಿಗೆ ದೇಶದಲ್ಲೇ ಹೆಸರಾಯಿತು. ಅಲ್ಲಿ ಕುದಿಯುವ ಪಾತ್ರೆಗಳಿಗೆ ಬೀಳುವ ಹಾಪ್ಸ್ ಬಹುತೇಕ ಅಮೆರಿಕ, ಯುರೋಪುಗಳದ್ದು. ದೇಶದಲ್ಲಿ ಬೇಡಿಕೆ ಹುಟ್ಟುವ ಹೊತ್ತಿಗೆ ದೇಶದ ಬೆಳೆಗಾರ ಬಳ್ಳಿ ಕಿತ್ತಾಗಿತ್ತು. ಇನ್ನೂ ಉಳಿದವರ ಬಳಿ ಇರುವುದು ಹಳೆಯ ಕಹಿ ತಳಿಗಳು. ಕ್ರಾಫ್ಟ್ ತಯಾರಕ ಕೇಳುವುದು ಹೊಸ ಪರಿಮಳ.

ಆದರೂ ಲಾಹೌಲಿಗರು ಒಂದು ವಿಷಯದಲ್ಲಿ ಯಾಕಿಮಾದವರಿಗಿಂತ ಸುರಕ್ಷಿತರಾಗಿದ್ದರು. ಅವರ ಹೊಲಗಳಲ್ಲಿ ಹಾಪ್ಸ್ ಒಂದೇ ಇರಲಿಲ್ಲ. ಆಲೂಗಡ್ಡೆಯೂ ಬಟಾಣಿಯೂ ಜೊತೆಗಿದ್ದವು. ಹಾಪ್ಸ್ ಬಿದ್ದಾಗ ಮನೆ ಬೀಳಲಿಲ್ಲ.

ಮಲೆನಾಡಿಗೆ ನಾಲ್ಕು ಪ್ರಶ್ನೆಗಳು

ಹಾಪ್ಸನ್ನು ಉಷ್ಣವಲಯ, ಉಪೋಷ್ಣವಲಯಗಳಲ್ಲಿ ಬೆಳೆಯುವ ಪ್ರಯೋಗಗಳು ಈಗ ಬ್ರೆಜಿಲ್ ಮತ್ತು ಅಮೆರಿಕದ ಫ್ಲಾರಿಡಾದಲ್ಲಿ ನಡೆದಿವೆ. ಬಳ್ಳಿಗೆ ಚಳಿಗಾಲದ ನಿದ್ರೆ ಅನಿವಾರ್ಯವಲ್ಲ, ದೀಪದಿಂದ ಹಗಲು ಹಿಗ್ಗಿಸಿದರೆ ಸಾಕು ಎಂದು 2019ರಲ್ಲಿ ಕೊಲರಾಡೋದ ಸಂಶೋಧನೆಯೊಂದು ತೋರಿಸಿತು. ಆದ್ದರಿಂದ ನಾಳೆ ಯಾರಾದರೂ ಹಾಪ್ಸ್ ಸಸಿ ಹಿಡಿದು ಮಲೆನಾಡಿನ ಅಂಗಳಕ್ಕೂ ಬಂದರೆ ಆಶ್ಚರ್ಯವಿಲ್ಲ. ಬೆಳೆಯಬಹುದೇ ಎಂದರೆ ವಿಜ್ಞಾನ ಹೌದೆನ್ನಬಹುದು. ಆದರೆ ಮಳೆಗಾಲದ ತೇವದಲ್ಲಿ ಬೂಜು ರೋಗವನ್ನು ತಡೆಯಲು ಎಷ್ಟು ಸಿಂಪಡಣೆ, ಹಗಲು ಹಿಗ್ಗಿಸಲು ಎಷ್ಟು ವಿದ್ಯುತ್ತು ಎಂಬ ಲೆಕ್ಕವನ್ನೂ ಜೊತೆಗೇ ಕೇಳಬೇಕು.

ಹಾಪ್ಸ್ ಇರಲಿ, ಬೇರಾವ ಹೊಸ ಬೆಳೆಯೇ ಇರಲಿ, ಯಾಕಿಮಾ ಮತ್ತು ಲಾಹೌಲಿನ ಬೆಳೆಗಾರರ ಅನುಭವದಿಂದ ನಾಲ್ಕು ಪ್ರಶ್ನೆಗಳು ಹುಟ್ಟುತ್ತವೆ.

ಒಂದು: ಗಿಡ ಯಾರದ್ದು? ಅದರ ಬೇರನ್ನೋ ಬೀಜವನ್ನೋ ನೆರೆಯವನಿಗೆ ಕೊಡುವ ಸ್ವಾತಂತ್ರ್ಯ ಬೆಳೆದವನಿಗೆ ಇದೆಯೇ?

ಎರಡು: ಕೊಳ್ಳುವವರು ಎಷ್ಟು ಮಂದಿ? ಒಬ್ಬನೇ ಆದರೆ, ಆತ ಒಪ್ಪಂದ ಮುರಿದ ದಿನ ನಷ್ಟ ಯಾರ ಲೆಕ್ಕಕ್ಕೆ ಎಂದು ಕಾಗದದಲ್ಲಿ ಬರೆದಿದೆಯೇ?

ಮೂರು: ಹಾಕಿದ ಬಂಡವಾಳ ಬೇರೆ ಬೆಳೆಗೂ ಒದಗುವುದೇ? ಏಲಕ್ಕಿ ಗೂಡಿನಲ್ಲಿ ಬೇರೊಂದನ್ನು ಒಣಗಿಸಬಹುದು. ಅಡಿಕೆ ಮರಕ್ಕೆ ಮೆಣಸು ಹಬ್ಬಿಸಬಹುದು. ಹೊಸ ಬೆಳೆಗೆ ಇಂತಹ ಎರಡನೆಯ ಉಪಯೋಗವಿದೆಯೇ?

ನಾಲ್ಕು: ಬೇಸಿಗೆಯ ಕೊನೆಯ ತಿಂಗಳಲ್ಲಿ ಅದಕ್ಕೆ ನೀರು ಎಲ್ಲಿಂದ? ಆ ನೀರು ಕೆಳಗಿನ ಊರಿನ ಪಾಲಿನದಲ್ಲವೇ?

ವಿದ್ಯಾರ್ಥಿಗಳು ತಮ್ಮ ಊರಿನಲ್ಲಿ ಕಳೆದ ಮೂವತ್ತು ವರ್ಷಗಳಲ್ಲಿ ಬಂದುಹೋದ ಬೆಳೆಗಳ ಪಟ್ಟಿಯೊಂದನ್ನು ಹಿರಿಯರ ಬಾಯಿಂದ ಕೇಳಿ ಬರೆದಿಡಬಹುದು. ಯಾವುದು ಬಂತು, ಯಾರು ತಂದರು, ಎಷ್ಟು ವರ್ಷ ನಿಂತಿತು, ಹೋದಾಗ ಸಾಲ ಎಷ್ಟು ಉಳಿಯಿತು ಎಂಬ ನಾಲ್ಕು ಅಂಕಣಗಳು ಸಾಕು. ಮುಂದಿನ ಸಲ ಹೊಸ ಸಸಿಯ ಸುದ್ದಿ ಬಂದಾಗ ಗ್ರಾಮಸಭೆಯ ಮೇಜಿನ ಮೇಲೆ ಆ ಪುಸ್ತಕ ಇರಲಿ. ಕಂಬ ನೆಡುವ ಮುನ್ನ ಅದನ್ನೊಮ್ಮೆ ಓದುವುದಕ್ಕೆ ಅರ್ಧ ಗಂಟೆಯಷ್ಟೇ ಬೇಕು. ನೆಟ್ಟ ಕಂಬವನ್ನು ಕೀಳುವುದಕ್ಕೆ ತಗಲುವ ವೆಚ್ಚವನ್ನು ಯಾಕಿಮಾದ ಬೆಳೆಗಾರರು ಇಂದು ತೆರುತ್ತಿದ್ದಾರೆ.